ಯಾರ ಪಾಪ, ಯಾರ ಋಣ

ಪಂಚಾಮೃತಕ್ಕೆ ಬೇಕಾದದ್ದು ಐದು: ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಹಲವು ಮನೆಗಳಲ್ಲಿ ಬಾಳೆಹಣ್ಣನ್ನೂ ಹೆಚ್ಚಿ ಹಾಕುತ್ತಾರೆ. ಪೂಜೆ ಮುಗಿದ ಮೇಲೆ ಒಂದೊಂದು ಉದ್ಧರಣೆ ಎಲ್ಲರ ಅಂಗೈಗೂ ಬೀಳುತ್ತದೆ. ಮಕ್ಕಳು ಅಂಗೈ ನೆಕ್ಕಿ ಇನ್ನೊಂದು ಸಲ ಕೈ ಒಡ್ಡುತ್ತವೆ.

ಇದೇ ಬಟ್ಟಲಿನ ಹಾಲು, ಮೊಸರು ಗ್ಯಾಲಕ್ಟೋಸೀಮಿಯಾ ಇರುವ ಮಗುವಿಗೆ ವಿಷ. ಇದೇ ಬಟ್ಟಲಿನ ಜೇನು, ಸಕ್ಕರೆ, ಬಾಳೆಹಣ್ಣು ಹುಟ್ಟಿನಿಂದಲೇ ಫ್ರಕ್ಟೋಸ್ ಒಗ್ಗದ ಮಗುವಿನ ಲಿವರನ್ನು ಕೆಡಿಸುತ್ತವೆ. ಗ್ಯಾಲಕ್ಟೋಸೀಮಿಯಾದಲ್ಲಂತೂ ಹೆತ್ತ ತಾಯಿಯ ಎದೆಹಾಲನ್ನೇ ಬಿಡಿಸಬೇಕು. ಇನ್ನು ಕೆಲವು ಮಕ್ಕಳ ದೇಹಕ್ಕೆ ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳುವುದು ಬಾರದು. ಜ್ವರ ಬಂದ ರಾತ್ರಿ ಅಂಥ ಮಗು ಊಟ ಬಿಟ್ಟು ಮಲಗಿದರೆ ರಕ್ತದ ಸಕ್ಕರೆ ಕುಸಿದು, ಬೆಳಗಾಗುವುದರೊಳಗೆ ಎಚ್ಚರ ತಪ್ಪಬಹುದು. ದೊಡ್ಡವರಿಗೆ ಪುಣ್ಯ ತರುವ ಉಪವಾಸ ಆ ಮಗುವಿಗೆ ಪ್ರಾಣಾಪಾಯ.

ಅಮೃತ ಯಾಕೆ ವಿಷವಾಯಿತು? ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಮನೆಯವರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಯಾವ ಜನ್ಮದ ಪಾಪವೋ. ಯಾರ ಶಾಪವೋ. ಹಣೆಯಲ್ಲಿ ಬರೆದದ್ದನ್ನು ಅಳಿಸುವವರು ಯಾರು. ಒಂದು ಮಗು ಹೋಗಿ ಎರಡನೆಯದಕ್ಕೂ ಅದೇ ಲಕ್ಷಣ ಕಂಡರೆ ಮಾತಿನ ಮೊನೆ ಸೊಸೆಯ ಕಡೆಗೆ ತಿರುಗುತ್ತದೆ. ಅವಳ ಕಾಲ್ಗುಣ, ಅವಳ ತವರಿನ ದೋಷ, ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವಳು ಹೊರಗೆ ಬಂದದ್ದು.

ಹುಟ್ಟಿನಿಂದ ಬರುವ ಚಯಾಪಚಯ ರೋಗಗಳು ಹೀಗೆ ವೈದ್ಯರಿಗೆ ಒಂದು ಪ್ರಶ್ನೆ ಕೇಳಿದರೆ ಧರ್ಮಕ್ಕೆ ಇನ್ನೊಂದನ್ನು ಕೇಳುತ್ತವೆ. ಏನೂ ಮಾಡದ ಕೂಸು ನೋಯುವುದು ಯಾಕೆ? ಈ ಪ್ರಶ್ನೆ ಹಳೆಯದು. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಪ್ರಯೋಗಾಲಯಗಳಲ್ಲಿ ತಿಳಿದುಬಂದ ಸಂಗತಿಗಳು ಇದನ್ನು ಅಳಿಸಿ ಹಾಕಿಲ್ಲ, ಆದರೆ ಪ್ರಶ್ನೆ ಕೇಳಬೇಕಾದ ವಿಳಾಸವನ್ನೇ ಬದಲಿಸಿವೆ.

ಕೆರೆಯ ತೂಬನ್ನು ನೆನೆಸಿಕೊಂಡರೆ ರೋಗದ ಬಗೆ ಅರ್ಥವಾಗುತ್ತದೆ. ತೂಬು ಕಟ್ಟಿಕೊಂಡರೆ ಎರಡು ಅನಾಹುತ: ಮೇಲೆ ನೀರು ನಿಂತು ಏರಿ ಒಡೆಯುತ್ತದೆ, ಕೆಳಗೆ ಗದ್ದೆ ಒಣಗುತ್ತದೆ. ದೇಹದಲ್ಲಿ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಪ್ರತಿ ಹೆಜ್ಜೆಯಲ್ಲೂ ಒಂದು ಕಿಣ್ವ ಕೂತಿದೆ. ಆ ಕಿಣ್ವವನ್ನು ಕಟ್ಟುವ ಜೀನ್‌ನಲ್ಲಿ ಒಂದಕ್ಷರ ತಪ್ಪಿದರೂ ಆ ತೂಬು ಮುಚ್ಚಬಹುದು. ಮೇಲೆ ನಿಂತದ್ದು ವಿಷವಾಗುತ್ತದೆ, ಕೆಳಗೆ ಬೇಕಾದದ್ದು ಸಿಗುವುದಿಲ್ಲ.

ಇದನ್ನು ಮೊದಲು ಕಂಡವರು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಅವರ ಕುತೂಹಲ ಕೆರಳಿಸಿದ್ದು ಗಾಳಿಗೆ ಬಿಟ್ಟರೆ ಕಪ್ಪಾಗುವ ಮೂತ್ರ. ಆಲ್ಕಾಪ್ಟೋನ್ಯೂರಿಯಾ ಎಂಬ ಈ ವಿಚಿತ್ರ ಕೆಲವೇ ಮನೆತನಗಳಲ್ಲಿತ್ತು, ಅಂಥ ಹಲವು ಮನೆಗಳಲ್ಲಿ ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳಾಗಿದ್ದರು. ಆಗಷ್ಟೇ ಮೆಂಡೆಲ್‌ನ ಬಟಾಣಿ ಗಿಡದ ಲೆಕ್ಕಕ್ಕೆ ಮರುಜೀವ ಬಂದಿತ್ತು. 1902ರಲ್ಲಿ ಗ್ಯಾರಡ್ ಆ ಲೆಕ್ಕವನ್ನು ಮನುಷ್ಯನ ರೋಗಕ್ಕೆ ಹೊಂದಿಸಿದರು. 1908ರ ಉಪನ್ಯಾಸಗಳಲ್ಲಿ ಇಂಥ ರೋಗಗಳಿಗೆ ಚಯಾಪಚಯದ ಹುಟ್ಟುತಪ್ಪುಗಳು ಎಂಬ ಅರ್ಥದ ಹೆಸರಿಟ್ಟರು.

ಲೆಕ್ಕ ಸರಳ. ಈ ರೋಗಗಳಲ್ಲಿ ಹೆಚ್ಚಿನವು ಬರಬೇಕಾದರೆ ಜೀನಿನ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಬಂದಿರಬೇಕು. ಒಂದೇ ಪ್ರತಿ ಇರುವವರು ಗಟ್ಟಿಮುಟ್ಟಾಗಿ ಎಂಬತ್ತು ವರ್ಷ ಬದುಕುತ್ತಾರೆ, ತಮ್ಮೊಳಗೆ ಅದಿದೆ ಎಂದು ತಿಳಿಯುವುದೂ ಇಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದಲ್ಲ. ಪಗಡೆಯ ದಾಳಕ್ಕೆ ಹಿಂದಿನ ಗರ ನೆನಪಿರುವುದಿಲ್ಲ.

ಈ ಲೆಕ್ಕದ ಮುಂದೆ ಸೊಸೆಯ ಮೇಲಿನ ಆಪಾದನೆ ನಿಲ್ಲುವುದಿಲ್ಲ. ಅತ್ತೆಯ ಮಗನಿಂದ ಅರ್ಧ ಬಾರದೆ ಇಂಥ ರೋಗ ಬರುವ ಹಾಗೇ ಇಲ್ಲ. ಕಳಂಕವಿಲ್ಲದ ವಂಶ ಎಂಬ ಹೆಮ್ಮೆಗೂ ಇಲ್ಲಿ ಜಾಗವಿಲ್ಲ. ಯಾವ ಕುಲದವರೇ ಆಗಲಿ, ಆರೋಗ್ಯವಂತರೆನಿಸಿಕೊಂಡ ಮನುಷ್ಯರೆಲ್ಲ ಇಂಥ ಕೆಲವು ಕೆಟ್ಟ ಪ್ರತಿಗಳನ್ನು ಹೊತ್ತೇ ಓಡಾಡುತ್ತಾರೆ.

ಹಾಗಿದ್ದರೆ ಕರ್ಮದ ಮಾತು ಸುಳ್ಳೇ? ನಂಬುವವರು ಅಷ್ಟು ಬೇಗ ಸೋಲೊಪ್ಪುವುದಿಲ್ಲ. ಜೀನ್ ಎನ್ನುವುದು ಕರ್ಮ ಕೆಲಸ ಮಾಡುವ ದಾರಿ ಎನ್ನುತ್ತಾರೆ. ದಾಳ ಹೀಗೆ ಬಿತ್ತು ಎಂದು ವಿಜ್ಞಾನ ಹೇಳಬಹುದು, ಈ ಮನೆಯಲ್ಲೇ ಯಾಕೆ ಬಿತ್ತು ಎಂದು ಹೇಳಲಾರದು ಎನ್ನುತ್ತಾರೆ. ಈ ವಾದವನ್ನು ಪ್ರಯೋಗದಿಂದ ಸುಳ್ಳು ಮಾಡಲು ಬರುವುದಿಲ್ಲ. ಎಷ್ಟೋ ತಾಯಂದಿರಿಗೆ ಅದು ಆಸರೆಯೂ ಹೌದು. ಬರಿಯ ಆಕಸ್ಮಿಕ ಎಂಬ ಮಾತಿಗಿಂತ ಕಾರಣವಿದೆ ಎಂಬ ಮಾತು ಬದುಕಲು ಸುಲಭ.

ಆದರೆ ಭಾರತೀಯ ಪರಂಪರೆ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡಿಲ್ಲ ಎಂಬುದನ್ನು ಮರೆಯಬಾರದು. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ? ಬುದ್ಧ ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತು ಬದಲಾದದ್ದು, ಪಥ್ಯ ತಪ್ಪಿದ್ದು, ಪೆಟ್ಟು ಬಿದ್ದದ್ದು ಎಂದು ಏಳು ಕಾರಣ ಎಣಿಸಿ, ಎಂಟನೆಯದಾಗಿ ಮಾತ್ರ ಕರ್ಮವನ್ನು ಹೆಸರಿಸುತ್ತಾನೆ. ಎಲ್ಲವೂ ಪೂರ್ವಕರ್ಮ ಎನ್ನುವವರು ಕಣ್ಣೆದುರಿನ ಸತ್ಯವನ್ನು ಮೀರಿ ಮಾತಾಡುತ್ತಾರೆ ಎಂಬುದು ಅವನ ನಿಲುವು. ಯೋಹಾನನ ಸುವಾರ್ತೆಯಲ್ಲೂ ಇಂಥದೇ ಸಂದರ್ಭ ಬರುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ ಇವನ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ.

ಚರಕಸಂಹಿತೆಯ ನಿಲುವು ಇನ್ನೂ ತೊಡಕಿನದು. ಕರ್ಮದಿಂದ ಹುಟ್ಟಿದ ರೋಗ ಕರ್ಮ ಸವೆಯುವವರೆಗೆ ಔಷಧಕ್ಕೆ ಬಗ್ಗುವುದಿಲ್ಲ ಎಂದು ಅದು ಒಂದು ಕಡೆ ಒಪ್ಪುತ್ತದೆ. ಇನ್ನೊಂದು ಕಡೆ ಬೀಜದ ಯಾವ ಭಾಗ ಕೆಟ್ಟಿದೆಯೋ ಅದರಿಂದ ಆಗಬೇಕಾದ ಅಂಗ ಕೆಡುತ್ತದೆ ಎಂದು ಪಾಪಪುಣ್ಯದ ಸೋಂಕಿಲ್ಲದೆ ವಿವರಿಸುತ್ತದೆ. ಬೀಜದೋಷದಿಂದ ಬಂದ ಮಧುಮೇಹವನ್ನು, ಕುಲದಿಂದ ಬಂದ ರೋಗಗಳನ್ನು ಅಸಾಧ್ಯದ ಪಟ್ಟಿಗೆ ಸೇರಿಸುತ್ತದೆ. ಮತ್ತೊಂದು ಕಡೆ, ಆಯುಸ್ಸು ಮೊದಲೇ ನಿಗದಿಯಾಗಿದ್ದರೆ ವೈದ್ಯ ಯಾಕೆ ಬೇಕು ಎಂದು ವಾದಿಸಿ, ದೈವ ಮತ್ತು ಪುರುಷಕಾರಗಳಲ್ಲಿ ಬಲವಾದದ್ದು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ ಎನ್ನುತ್ತದೆ. ಮಹಾಭಾರತದ ಅನುಶಾಸನಪರ್ವದ ಹೋಲಿಕೆಯಂತೂ ರೈತರ ಮಾತಿನ ಹಾಗಿದೆ: ದೈವ ಬೀಜ, ಪುರುಷಪ್ರಯತ್ನ ಹೊಲ, ಎರಡೂ ಸೇರದೆ ಬೆಳೆಯಿಲ್ಲ.

ಬೀಜ ಕೆಟ್ಟರೂ ಹೊಲ ಬದಲಿಸಿ ಬೆಳೆ ತೆಗೆಯಬಹುದೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಬ್ಬರು ತಾಯಂದಿರ ಹಟದಿಂದ.

ಮೊದಲಿನವಳು ನಾರ್ವೆಯವಳು. ಅವಳ ಮಗಳೂ ಮಗನೂ ಹುಟ್ಟಿದಾಗ ಚೆನ್ನಾಗಿದ್ದು, ಬರಬರುತ್ತ ಬುದ್ಧಿಮಾಂದ್ಯರಾದರು. ಮಕ್ಕಳ ಮೂತ್ರಕ್ಕೆ ವಿಚಿತ್ರ ವಾಸನೆ ಇತ್ತು. ವೈದ್ಯರಿಂದ ವೈದ್ಯರಿಗೆ ಅಲೆದ ಅವಳ ಮಾತನ್ನು 1934ರಲ್ಲಿ ಕಿವಿಗೊಟ್ಟು ಕೇಳಿದವರು ಆಸ್ಬ್ಯೋರ್ನ್ ಫೋಲಿಂಗ್. ಅವರು ವೈದ್ಯರಷ್ಟೇ ಅಲ್ಲ, ರಸಾಯನಶಾಸ್ತ್ರ ಓದಿದವರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ ಅವರು ಎಂದೂ ಕಾಣದ ಹಸಿರು ಬಣ್ಣ ಬಂತು. ತಾಯಿ ಹೊತ್ತು ತಂದ ಲೀಟರುಗಟ್ಟಲೆ ಮೂತ್ರವನ್ನು ಶೋಧಿಸಿ ಅದರ ಕಾರಣವಾದ ಫೀನೈಲ್‌ಪೈರುವಿಕ್ ಆಮ್ಲವನ್ನು ಹಿಡಿದರು. ಬುದ್ಧಿಮಾಂದ್ಯರ ಆಶ್ರಮಗಳಲ್ಲಿ 430 ಜನರನ್ನು ಪರೀಕ್ಷಿಸಿ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸಿರನ್ನು ಕಂಡರು. ಮುಂದೆ ಫೀನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು, ಎಂದು ಹೆಸರಾದದ್ದು ಇದೇ ರೋಗ. ಪ್ರೋಟೀನಿನಲ್ಲಿರುವ ಫೀನೈಲ್‌ಅಲನೈನ್ ಎಂಬ ಅಮೈನೊ ಆಮ್ಲವನ್ನು ಮುಂದಕ್ಕೆ ಬಿಡುವ ತೂಬು ಇಲ್ಲಿ ಮುಚ್ಚಿರುತ್ತದೆ. ಅದು ರಕ್ತದಲ್ಲಿ ಏರಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಕಾರಣ ಸಿಕ್ಕಿತು. ಆ ತಾಯಿಯ ಮಕ್ಕಳಿಗೆ ಮದ್ದು ಸಿಗಲಿಲ್ಲ.

ಎರಡನೆಯವಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವಳು. 1951ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯ ವೈದ್ಯ ಹಾರ್ಸ್ಟ್ ಬಿಕೆಲ್ ಅವಳ ಎಳೆಯ ಮಗಳಿಗೆ ಪಿಕೆಯು ಇದೆ ಎಂದು ಗುರುತಿಸಿ, ಚಿಕಿತ್ಸೆ ಇಲ್ಲ ಎಂದು ತಿಳಿಸಿದರು. ಅವಳು ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ನನ್ನ ಮಗುವಿಗೆ ಏನಾದರೂ ಸಿಕ್ಕಿತೇ ಎಂದು ಕೇಳುತ್ತಿದ್ದಳು. ಕೊನೆಗೆ ಬಿಕೆಲ್, ಜಾನ್ ಗೆರಾರ್ಡ್, ಎವೆಲಿನ್ ಹಿಕ್ಮನ್ಸ್ ಸೇರಿ ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನಲ್ಲಿ ಸೋಸಿ, ಫೀನೈಲ್‌ಅಲನೈನ್ ತೆಗೆದ ಆಹಾರವೊಂದನ್ನು ತಯಾರಿಸಿದರು. ನಿಲ್ಲಲು ಬಾರದ, ತಲೆ ಚಚ್ಚಿಕೊಂಡು ಅಳುತ್ತಿದ್ದ ಮಗು ತಿಂಗಳುಗಳಲ್ಲಿ ತೆವಳಿತು, ಎದ್ದು ನಿಂತಿತು, ಅಳು ನಿಂತಿತು.

ಆಮೇಲೆ ನಡೆದದ್ದನ್ನು ಓದಿದರೆ ಇಂದಿಗೂ ಕಸಿವಿಸಿಯಾಗುತ್ತದೆ. ಗುಣ ಕಂಡದ್ದು ಆಹಾರದಿಂದಲೇ ಎಂದು ಖಾತ್ರಿ ಮಾಡಿಕೊಳ್ಳಲು ವೈದ್ಯರು ತಾಯಿಗೆ ಹೇಳದೆಯೇ ಮಗುವಿನ ಆಹಾರಕ್ಕೆ ದಿನಕ್ಕೆ 5 ಗ್ರಾಂ ಫೀನೈಲ್‌ಅಲನೈನ್ ಮತ್ತೆ ಬೆರೆಸಿದರು. ಗಂಟೆಗಳಲ್ಲಿ ಮಗು ಹಿಂದಿನಂತೆ ಅಳತೊಡಗಿತು. ಕೆಲವೇ ದಿನಗಳಲ್ಲಿ ನಿಲ್ಲುವ ಶಕ್ತಿ ಹೋಯಿತು. ಪಥ್ಯವನ್ನು ಮತ್ತೆ ಸರಿಪಡಿಸಿದಾಗ ಚೇತರಿಸಿಕೊಂಡಿತು. ಆ ಪ್ರಯೋಗದ ನೀತಿಯನ್ನು ಪ್ರಶ್ನಿಸಬಹುದು, ಪ್ರಶ್ನಿಸಬೇಕು ಕೂಡ. ಆದರೆ ಅದು ತೋರಿಸಿದ ಸತ್ಯ ದೊಡ್ಡದು: ಜೀನ್ ಹಾಗೆಯೇ ಇತ್ತು, ತಟ್ಟೆ ಬದಲಾಗಿತ್ತು, ಮಗು ಬದಲಾಯಿತು. ಹಣೆಬರಹದ ಸಿದ್ಧಾಂತಕ್ಕೆ ಬಿದ್ದ ಪೆಟ್ಟು ಜೀನೇ ಹಣೆಬರಹ ಎನ್ನುವ ಹೊಸ ಸಿದ್ಧಾಂತಕ್ಕೂ ಬಿತ್ತು.

ಪಥ್ಯ ಎಂದರೆ ಸಣ್ಣ ಮಾತಲ್ಲ. ಪಿಕೆಯು ಇರುವ ಮಗುವಿನ ಮನೆಯಲ್ಲಿ ತೊಗರಿಬೇಳೆ, ಕಡಲೆ, ಶೇಂಗಾ, ಹಾಲು, ಮೊಸರು, ಮೊಟ್ಟೆ, ಮಾಂಸ ಎಲ್ಲಕ್ಕೂ ತಡೆ. ಅನ್ನ, ರಾಗಿ ಕೂಡ ತೂಕ ಮಾಡಿದಷ್ಟೇ. ಉಳಿದ ಪೋಷಣೆಗೆ ಫೀನೈಲ್‌ಅಲನೈನ್ ಇಲ್ಲದ ವಿಶೇಷ ಪುಡಿಯನ್ನು ಕಲಸಿ ಕುಡಿಸಬೇಕು. ಅದರ ರುಚಿ, ವಾಸನೆ ಮಕ್ಕಳಿಗೆ ಹಿಡಿಸುವಂಥದ್ದಲ್ಲ. ಸಾರಿನಲ್ಲಿ ಬೇಳೆ ಎಷ್ಟು ಬಿತ್ತು ಎಂಬುದನ್ನು ಸೌಟಿನ ಅಂದಾಜಿಗೆ ಬಿಡಲಾಗದು, ಗ್ರಾಂ ಲೆಕ್ಕದಲ್ಲಿ ತೂಗಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ತೂಕದ ಯಂತ್ರವೂ ಕೂರುತ್ತದೆ. ನೆಂಟರ ಮನೆಗೆ ಹೋದರೆ ಒಂದು ಚಕ್ಕುಲಿಯನ್ನಾದರೂ ತಿನ್ನಲಿ ಬಿಡಿ ಎನ್ನುವವರಿಗೆ ಬೇಡ ಎಂದು ಹೇಳಿ ಹೇಳಿ ತಾಯಿ ನಿಷ್ಠುರಳಾಗುತ್ತಾಳೆ. ಪುರುಷಕಾರ ಎಂಬ ಶಾಸ್ತ್ರದ ಪದಕ್ಕೆ ಮನೆಯಲ್ಲಿ ಸಿಗುವ ಅರ್ಥ ಇದು, ಅದರ ಭಾರವೆಲ್ಲ ಹೆಚ್ಚಾಗಿ ಹೆಂಗಸಿನ ಹೆಗಲಿಗೆ.

ಪಥ್ಯ ಫಲಿಸಬೇಕಾದರೆ ಮಿದುಳು ಕೆಡುವ ಮೊದಲೇ ರೋಗ ತಿಳಿಯಬೇಕು. ನೊಬೆಲ್ ಪಡೆದ ಕಾದಂಬರಿಕಾರ್ತಿ ಪರ್ಲ್ ಬಕ್‌ಗೆ 1920ರಲ್ಲಿ ಚೀನಾದಲ್ಲಿ ಹುಟ್ಟಿದ ಮಗಳಿಗೆ ಪಿಕೆಯು ಇತ್ತು. ಕ್ರೈಸ್ತ ಮಿಷನರಿಗಳ ಮನೆಯಲ್ಲಿ ಬೆಳೆದ ಆಕೆ, ತನ್ನ ಮಗುವಿಗೇ ಯಾಕೆ ಎಂಬ ಪ್ರಶ್ನೆಯೊಡನೆ ವರ್ಷಗಟ್ಟಲೆ ಗುದ್ದಾಡಿ, 1950ರಲ್ಲಿ ಆ ಮಗಳ ಬಗ್ಗೆ ಪುಸ್ತಕ ಬರೆದರು. ಕಾರಣದ ಹೆಸರು ತಿಳಿಯುವಷ್ಟರಲ್ಲಿ ಮಗಳು ನಡುವಯಸ್ಸಿನವಳಾಗಿದ್ದಳು. ಅಮೆರಿಕದ ಬಫಲೋ ನಗರದ ರಾಬರ್ಟ್ ಗತ್ರಿಗೂ ಇದು ಮನೆಯ ನೋವೇ: ಅವರ ಮಗ ಬುದ್ಧಿಮಾಂದ್ಯ, ಹೆಂಡತಿಯ ಸೋದರಿಯ ಮಗಳಿಗೆ ಪಿಕೆಯು. ಹಸುಗೂಸಿನ ಹಿಮ್ಮಡಿ ಚುಚ್ಚಿ, ಸೋಸುಕಾಗದದ ಮೇಲೆ ಒಣಗಿಸಿದ ಒಂದೆರಡು ಹನಿ ರಕ್ತದಿಂದ ರೋಗ ಪತ್ತೆ ಮಾಡುವ ಅಗ್ಗದ ವಿಧಾನವನ್ನು ಅವರು ರೂಪಿಸಿದರು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅದನ್ನು ಹುಟ್ಟುವ ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿತು. ಪರ್ಲ್ ಬಕ್ ಮಗಳಿಗೆ ಇದ್ದಂಥದೇ ಜೀನ್ ಹೊತ್ತ ಮಕ್ಕಳು ಅಲ್ಲಿಂದ ಮುಂದೆ ಕಾಲೇಜಿಗೆ ಹೋಗತೊಡಗಿದರು.

ದೇವರ ಇಚ್ಛೆಯನ್ನು ಒಪ್ಪುವುದು, ಸುಮ್ಮನೆ ಕೂರುವುದು ಎರಡೂ ಒಂದೇ ಅಲ್ಲ ಎಂಬುದಕ್ಕೆ ಪೆನ್ಸಿಲ್ವೇನಿಯದ ಹೊಲಗಳ ನಡುವೆ ಒಂದು ಸಾಕ್ಷಿಯಿದೆ. ಅಲ್ಲಿನ ಲ್ಯಾಂಕಾಸ್ಟರ್ ಜಿಲ್ಲೆಯ ಆಮಿಶ್ ಮತ್ತು ಹಳೆಯ ಸಂಪ್ರದಾಯದ ಮೆನೊನೈಟ್ ಜನ ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನಿಂದ ವಲಸೆ ಬಂದ ಕೆಲವೇ ಕುಟುಂಬಗಳ ಸಂತತಿ. ಕುದುರೆಗಾಡಿ ಬಿಡದವರು, ಆರೋಗ್ಯ ವಿಮೆ ಕೊಳ್ಳದವರು, ಮದುವೆ ತಮ್ಮೊಳಗೇ. ಮೂಲದ ಕೆಲವರಲ್ಲಿ ಇದ್ದ ಕೆಟ್ಟ ಪ್ರತಿಗಳು ಅದರಿಂದ ಮತ್ತೆ ಮತ್ತೆ ಜೋಡಿಯಾಗುತ್ತವೆ. ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬಂದು, ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸನ್ನು ಕೋಮಾಕ್ಕೆ ತಳ್ಳುವ ಮೇಪಲ್ ಸಿರಪ್ ಮೂತ್ರರೋಗ ಜಗತ್ತಿನಲ್ಲಿ ಸುಮಾರು 1,85,000 ಹೆರಿಗೆಗೆ ಒಂದು. ಈ ಮೆನೊನೈಟರಲ್ಲಿ ಸುಮಾರು 380ಕ್ಕೆ ಒಂದು. ಆಮಿಶರಲ್ಲಿ ಗ್ಲುಟಾರಿಕ್ ಆಸಿಡ್ಯೂರಿಯ ಎಂಬ ಇನ್ನೊಂದು. ನಗುನಗುತ್ತ ಇದ್ದ ಕೂಸು ಒಂದು ಜ್ವರದ ಮರುದಿನ ಕೈಕಾಲು ಸ್ವಾಧೀನ ತಪ್ಪಿ ಮಲಗುತ್ತಿತ್ತು.

ಇಂಥ ಮಕ್ಕಳನ್ನು ಅವರು ದೇವರ ವಿಶೇಷ ಮಕ್ಕಳು ಎನ್ನುತ್ತಾರೆ. ಪಾಪದ ಫಲ ಎನ್ನುವುದಿಲ್ಲ, ಮರೆಮಾಚುವುದೂ ಇಲ್ಲ. ಮಕ್ಕಳ ವೈದ್ಯ ಹೋಮ್ಸ್ ಮಾರ್ಟನ್ ಮತ್ತು ಪತ್ನಿ ಕ್ಯಾರೊಲೈನ್ 1989ರಲ್ಲಿ ಅಲ್ಲಿ ಚಿಕಿತ್ಸಾಲಯ ತೆರೆಯಲು ಹೊರಟಾಗ ಆ ಹೆಸರೇ ಚಿಕಿತ್ಸಾಲಯಕ್ಕೂ ಬಂತು: ಕ್ಲಿನಿಕ್ ಫಾರ್ ಸ್ಪೆಷಲ್ ಚಿಲ್ಡ್ರನ್. 1990ರಲ್ಲಿ ಊರವರು ಕಣಜದ ಕೊಟ್ಟಿಗೆ ಎಬ್ಬಿಸುವ ಹಾಗೆ ಒಟ್ಟಾಗಿ ಬಂದು ಮರದ ತೊಲೆಗಳನ್ನು ಎತ್ತಿ ಕಟ್ಟಡ ನಿಲ್ಲಿಸಿದರು. ಕೌದಿ, ಪೀಠೋಪಕರಣ ಹರಾಜು ಹಾಕಿ ವರ್ಷವರ್ಷವೂ ಅದರ ಖರ್ಚಿಗೆ ಹಣ ಕೂಡಿಸುತ್ತಾರೆ. ಕಾರು ಬೇಡವೆನ್ನುವ ಜನ ಜಗತ್ತಿನ ಅತ್ಯಾಧುನಿಕ ಜೀನ್ ಪರೀಕ್ಷೆಯನ್ನು ತಮ್ಮ ಜೋಳದ ಹೊಲದ ಅಂಚಿಗೆ ತಂದುಕೊಂಡರು. ಮಗುವನ್ನು ದೇವರು ಕೊಟ್ಟದ್ದು ಎನ್ನುವ ನಂಬಿಕೆಗೂ ಅದರ ರಕ್ತದ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಮಟ್ಟ ಅಳೆಯುವುದಕ್ಕೂ ಅವರಿಗೆ ವಿರೋಧ ಕಾಣಲಿಲ್ಲ.

ಮದ್ದೇ ಇಲ್ಲದ ಕಡೆ ಧರ್ಮ ಇನ್ನೊಂದು ದಾರಿ ಹುಡುಕಿದ್ದೂ ಉಂಟು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಬ್ಬಿ ಜೋಸೆಫ್ ಎಕ್‌ಸ್ಟೈನ್ ಟೇ-ಸ್ಯಾಕ್ಸ್ ಎಂಬ ಅಂಥದೊಂದು ರೋಗಕ್ಕೆ ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1983ರಲ್ಲಿ ಅವರು ಶುರುಮಾಡಿದ ದೋರ್ ಯೆಶೋರಿಮ್ ಸಂಸ್ಥೆ ಮದುವೆಯ ವಯಸ್ಸಿಗೆ ಬರುವ ಯಹೂದಿ ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಒಂದು ಸಂಖ್ಯೆ ಕೊಡುತ್ತದೆ. ಸಂಬಂಧ ಕೂಡಿಬಂದಾಗ ಎರಡೂ ಕಡೆಯವರು ಸಂಖ್ಯೆ ತಿಳಿಸಿದರೆ ಹೊಂದುತ್ತದೆ, ಇಲ್ಲ ಎಂಬ ಉತ್ತರ ಬರುತ್ತದೆ. ಯಾರಲ್ಲಿ ಯಾವ ದೋಷ ಎಂಬುದನ್ನು ಸುಮ್ಮನೆ ಬಹಿರಂಗ ಮಾಡದ ಕಾರಣ ಹುಡುಗಿಗೂ ಕಳಂಕವಿಲ್ಲ, ಮನೆತನಕ್ಕೂ ಇಲ್ಲ. ಜಾತಕ ನೋಡುವ ಹಾಗೇ ಅಲ್ಲವೇ ಎಂದು ಕನ್ನಡದ ಓದುಗರಿಗೆ ಅನ್ನಿಸಬಹುದು. ವ್ಯತ್ಯಾಸವಿಷ್ಟೇ, ಇಲ್ಲಿ ಕೂಡುವ ಕಳೆಯುವ ಸಂಗತಿ ಮಗುವಿನ ಮೈಯಲ್ಲಿ ನಿಜವಾಗಿ ಇರುತ್ತದೆ.

ಕರ್ನಾಟಕದಲ್ಲಿ ಗೋತ್ರ ನೋಡುವವರು ತಂದೆಯ ಸಾಲನ್ನು ಹತ್ತಾರು ತಲೆಮಾರು ಹಿಂದಕ್ಕೆ ಹುಡುಕುತ್ತಾರೆ. ತಾಯಿಯ ಸಾಲಿನಲ್ಲಿ ಸೋದರಮಾವನ ಮಗಳು ಮುರಿಯದ ಸಂಬಂಧ. ಕೆಲವು ಮನೆಗಳಲ್ಲಿ ಅಕ್ಕನ ಮಗಳೂ ಸರಿ. ಇದು ನಿನ್ನೆಯ ರೂಢಿಯಲ್ಲ. ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ದಕ್ಷಿಣದವರ ಆಚಾರ ಎಂದು ಬೌಧಾಯನ ಧರ್ಮಸೂತ್ರವೇ ದಾಖಲಿಸಿದೆ. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದಲ್ಲಿ ವಿನಾಯಿತಿ ಕೊಟ್ಟಿದೆ. ಆದರೆ ಜೀನ್‌ಗಳಿಗೆ ತಂದೆಯ ಸಾಲು, ತಾಯಿಯ ಸಾಲು ಎಂಬ ಭೇದ ಗೊತ್ತಿಲ್ಲ. ಹತ್ತು ತಲೆಮಾರಿನ ಹಿಂದೆ ಮೂಲಪುರುಷನೊಬ್ಬ ಇದ್ದ ಸಗೋತ್ರದವರ ನಡುವೆ ರಕ್ತದ ನಂಟು ಇಲ್ಲವೆನ್ನುವಷ್ಟು ತೆಳು, ಮಾವ ಮತ್ತು ಅಕ್ಕನ ಮಗಳ ನಡುವೆ ಜೀನ್‌ಗಳ ಕಾಲುಭಾಗ ಒಂದೇ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಸುಮಾರು ಒಂದು ಲಕ್ಷ ಹಸುಗೂಸುಗಳ ರಕ್ತದಲ್ಲಿ ಅಮೈನೊ ಆಮ್ಲದ ದೋಷಗಳನ್ನು ಹುಡುಕಿದರು. ಭಾರತದ ಮಟ್ಟಿಗೆ ಅದು ತೀರ ಮೊದಲಿನ ಕೆಲಸ. ಆ ಮಕ್ಕಳ ತಂದೆತಾಯಿಯರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ರಕ್ತಸಂಬಂಧದ ಮದುವೆಯವರು. ಇದನ್ನು ಓದಿ ಬೆದರಬೇಕಿಲ್ಲ. ಸೋದರಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತವೆ. ಅಪರೂಪದ ರೋಗಗಳ ಸಾಧ್ಯತೆ ಮಾತ್ರ ಹೆಚ್ಚುತ್ತದೆ. ಮನೆಯಲ್ಲಿ ಕಾರಣ ತಿಳಿಯದೆ ಕೂಸುಗಳು ತೀರಿಕೊಂಡಿದ್ದರೆ ಮದುವೆಗೆ ಮೊದಲು ಜೋಯಿಸರ ಜೊತೆ ತಳಿವಿಜ್ಞಾನದ ವೈದ್ಯರನ್ನೂ ಕಾಣಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಪಥ್ಯ ತೂಬಿಗೆ ಬರುವ ನೀರನ್ನು ತಗ್ಗಿಸುವ ಉಪಾಯ. ತೂಬನ್ನೇ ಬದಲಿಸುವ ಉಪಾಯಗಳೂ ಬಂದಿವೆ, ಅವುಗಳ ಕತೆಯಲ್ಲಿ ಧರ್ಮಚಿಂತನೆಗೆ ಬೇಕಾದ ಇನ್ನೊಂದು ಪದ ಸಿಗುತ್ತದೆ.

ಗೋಶೆ ಎಂಬ ರೋಗದಲ್ಲಿ ಒಂದು ಬಗೆಯ ಕೊಬ್ಬು ಕರಗದೆ ಗುಲ್ಮ, ಲಿವರ್, ಮೂಳೆಗಳಲ್ಲಿ ತುಂಬಿಕೊಂಡು ಮಗುವಿನ ಹೊಟ್ಟೆ ಉಬ್ಬುತ್ತದೆ. ಅಮೆರಿಕದ ರಾಸ್ಕೊ ಬ್ರೇಡಿ ಆ ಕೊಬ್ಬನ್ನು ಕರಗಿಸುವ ಕಿಣ್ವವನ್ನು ಹುಡುಕಿ ಹೊರಗಿನಿಂದ ಕೊಡುವ ದಾರಿ ತೋರಿಸಿದರು. 1991ರಲ್ಲಿ ಮಾರುಕಟ್ಟೆಗೆ ಬಂದ ಆ ಔಷಧವನ್ನು ಮೊದಲು ತೆಗೆಯುತ್ತಿದ್ದದ್ದು ಹೆರಿಗೆಯ ನಂತರ ಬೀಳುವ ಮಾಸಿನಿಂದ. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸಾವಿರಾರು ಮಾಸು ಬೇಕಾಗುತ್ತಿತ್ತು. ಮಣ್ಣಿಗೆ ಹೋಗಬೇಕಾದದ್ದು ಎಲ್ಲಿಯದೋ ಮಗುವಿನ ರಕ್ತಕ್ಕೆ ಬಂತು. ಆ ತಾಯಂದಿರಿಗೆ ಈ ಮಗುವಿನ ಹೆಸರು ಗೊತ್ತಿಲ್ಲ, ಮಗುವಿಗೆ ಅವರದು ಗೊತ್ತಿಲ್ಲ.

ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯಲ್ಲಿ ಮೇಪಲ್ ಸಿರಪ್ ರೋಗದ ಮಕ್ಕಳಿಗೆ ಲಿವರ್ ಕಸಿ ಮಾಡುತ್ತಾರೆ. ದಾನಿಯ ಲಿವರ್ ಬಂದ ಮೇಲೆ ಮಗು ಎಲ್ಲರಂತೆ ಉಣ್ಣಬಹುದು. ಬೆರಗಿನ ಸಂಗತಿ ಮುಂದಿದೆ: ಮಗುವಿನಿಂದ ತೆಗೆದ ಹಳೆಯ ಲಿವರನ್ನು ಬಿಸಾಡದೆ, ಬೇರೆ ಕಾಯಿಲೆಯಿಂದ ಲಿವರ್ ಕೆಟ್ಟ ಇನ್ನೊಬ್ಬರಿಗೆ ಕಸಿ ಮಾಡಬಹುದು. ಆ ಇನ್ನೊಬ್ಬರ ಸ್ನಾಯು ಮೊದಲಾದ ಅಂಗಗಳಲ್ಲಿ ಬೇಕಾದ ಕಿಣ್ವ ಸಾಕಷ್ಟು ಇರುವುದರಿಂದ ಅವರಿಗೆ ಆ ರೋಗ ಬರುವುದಿಲ್ಲ. ಒಂದು ಮೈಯಲ್ಲಿ ಶಾಪವೆನಿಸಿದ ಅಂಗ ಇನ್ನೊಂದು ಮೈಯಲ್ಲಿ ಜೀವದಾನ. ದೋಷ ಇದ್ದದ್ದು ಅಂಗದಲ್ಲೋ, ಅದು ಸೇರಿದ ಜಾಗದಲ್ಲೋ?

2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಇನ್ನೊಂದು ಹೆಜ್ಜೆ. ಪ್ರೋಟೀನ್ ಒಡೆದಾಗ ಹುಟ್ಟುವ ಅಮೋನಿಯಾವನ್ನು ಹೊರಹಾಕಲಾರದ ಆರೇಳು ತಿಂಗಳ ಗಂಡುಮಗುವಿಗೆ, ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಕಿರಣ್ ಮುಸುನೂರು ಅವರ ತಂಡ ಆ ಒಬ್ಬನಿಗಾಗಿಯೇ ತಯಾರಿಸಿದ ಔಷಧ ಕೊಟ್ಟಿತು. ಅದು ಲಿವರಿನ ಜೀವಕೋಶಗಳೊಳಗೆ ಹೋಗಿ ಜೀನ್‌ನ ತಪ್ಪಿದ ಒಂದಕ್ಷರವನ್ನು ತಿದ್ದುವಂಥದ್ದು. ಮಗು ಮೊದಲಿಗಿಂತ ಹೆಚ್ಚು ಪ್ರೋಟೀನ್ ತಿನ್ನಬಲ್ಲದಾಯಿತು, ಔಷಧಗಳು ತಗ್ಗಿದವು. ತಿದ್ದಿದ್ದು ಆ ಮಗುವಿನ ಲಿವರನ್ನು ಮಾತ್ರ, ಮುಂದಿನ ಸಂತತಿಯನ್ನಲ್ಲ. ಬ್ರಹ್ಮಲಿಪಿಗೆ ಕೈ ಹಾಕಿದರು ಎನ್ನುವವರು ಎಪ್ಪತ್ತು ವರ್ಷದ ಹಿಂದೆ ಇದ್ದಿಲಿನಲ್ಲಿ ಹಾಲಿನ ಪ್ರೋಟೀನ್ ಸೋಸಿದವರನ್ನೂ ಹಾಗೆಯೇ ಎನ್ನಬೇಕಾಗುತ್ತದೆ. ಮಾಡಿದ ಕೆಲಸ ಅದೇ, ಸೋಸುವ ಜರಡಿ ಸಣ್ಣದಾಗಿದೆ.

ಇವೆಲ್ಲಕ್ಕೂ ಸರಿಹೊಂದುವ ಪದ ಕರ್ಮವಲ್ಲ, ಋಣ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿ ಎಂದು ವೈದಿಕ ಪರಂಪರೆ ಹೇಳುತ್ತದೆ. ಹೆಸರು ಗೊತ್ತಿಲ್ಲದವರ ಮಾಸು, ಹೆಸರು ಗೊತ್ತಿಲ್ಲದವರ ಲಿವರ್, ನಾರ್ವೆ ಮತ್ತು ಬರ್ಮಿಂಗ್‌ಹ್ಯಾಮಿನ ಇಬ್ಬರು ತಾಯಂದಿರ ಹಟ, ಇವುಗಳಿಂದ ಬದುಕಿದ ಮಕ್ಕಳ ಋಣ ಪಿತೃಗಳ ಸಾಲಿನಲ್ಲಿ ನಿಲ್ಲದೆ ಅಪರಿಚಿತರವರೆಗೆ ಹರಡಿದೆ. ಕರ್ಮದ ಲೆಕ್ಕ ಈ ಮಗು ಹಿಂದೆ ಏನು ಮಾಡಿತ್ತು ಎಂದು ಕೇಳುತ್ತದೆ. ಋಣದ ಲೆಕ್ಕ ಈ ಮಗುವಿಗೆ ಯಾರು ಏನು ಕೊಡಬೇಕಿದೆ ಎಂದು ಕೇಳುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಕೂಸು, ಅದಕ್ಕೆ ಮಾತು ಬಾರದು. ಎರಡನೆಯದಕ್ಕೆ ಉತ್ತರ ಕೊಡಬೇಕಾದ್ದು ದೊಡ್ಡವರು.

ಆ ಉತ್ತರ ಇನ್ನೂ ಅರ್ಧದಲ್ಲೇ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ ತಂದಿತು, ಮರುವರ್ಷ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿತು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಈ ನೀತಿಯಡಿ ಕೆಲಸ ಮಾಡುತ್ತವೆ. ಆದರೆ ಕಿಣ್ವದ ಔಷಧ ಬದುಕಿರುವವರೆಗೂ ಬೇಕು, ಮಗುವಿನ ತೂಕ ಹೆಚ್ಚಿದಂತೆ ಔಷಧದ ಪ್ರಮಾಣವೂ ಬೆಲೆಯೂ ಏರುತ್ತವೆ. ಒಂದು ಸಲದ 50 ಲಕ್ಷ ಕೆಲವು ರೋಗಗಳಲ್ಲಿ ವರ್ಷ ಕಳೆಯುವುದರೊಳಗೆ ಮುಗಿಯುತ್ತದೆ. ಹಿಮ್ಮಡಿಯ ರಕ್ತಪರೀಕ್ಷೆಯ ವೆಚ್ಚ ಇದರ ಪಕ್ಕದಲ್ಲಿ ಏನೂ ಅಲ್ಲ. ಆದರೂ ಹುಟ್ಟುವ ಪ್ರತಿ ಮಗುವಿಗೂ ಅದನ್ನು ಮಾಡುವ ರಾಷ್ಟ್ರವ್ಯಾಪಿ ವ್ಯವಸ್ಥೆ ಭಾರತದಲ್ಲಿ ಇನ್ನೂ ಇಲ್ಲ. ಪತ್ತೆಯಾಗದೆ ಮಿದುಳು ಕೆಟ್ಟ ಪಿಕೆಯು ಮಗುವಿನ ವಿಷಯದಲ್ಲಿ ಯಾರ ಪಾಪ ಎಂದು ಇವತ್ತು ಕೇಳಿದರೆ ಪೂರ್ವಜನ್ಮದವರೆಗೆ ಹೋಗಬೇಕಿಲ್ಲ.

ಮನೆಯಲ್ಲಿ ಬಸುರಿ ಇದ್ದರೆ ಹೆರಿಗೆಗೆ ಮೊದಲೇ ವೈದ್ಯರ ಹತ್ತಿರ ನವಜಾತ ಶಿಶುವಿನ ರಕ್ತಪರೀಕ್ಷೆಯ ಬಗ್ಗೆ ಕೇಳಿಡಿ. ಹುಟ್ಟಿದ ಎರಡು ಮೂರು ದಿನಗಳಲ್ಲಿ, ಕೂಸು ಹಾಲು ಕುಡಿಯಲು ತೊಡಗಿದ ಮೇಲೆ, ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಕಾಗದಕ್ಕೆ ಹನಿಸುತ್ತಾರೆ. ಹಿಂದೆ ಕಾರಣ ತಿಳಿಯದೆ ಕೂಸು ತೀರಿಹೋದ ಮನೆಯಾದರೆ ಆ ಸಂಗತಿಯನ್ನು ಮುಚ್ಚಿಡದೆ ಹೇಳಿ.